ಜೇಬಿನಲ್ಲಿ ಅಡಗುವ ಪಿಸ್ತೂಲು ನಮಗೆ ಬೇಕೇ?



ಕೆಲವು ವಾರಗಳಿಂದ ನಮ್ಮ ಯುವಜನರ ವಾಟ್ಸಪ್ ಗುಂಪಿನಲ್ಲಿ ಒಂದು ಪ್ರಶ್ನೆ ಓಡಾಡುತ್ತಿದೆ. "ಲೈಸೆನ್ಸ್ ಮಾಡಿಸಿ ಒಂದು ಚಿಕ್ಕ ಪಿಸ್ತೂಲು ಇಟ್ಟುಕೊಂಡರೆ ಹೇಗೆ? ಯಾವುದು ಒಳ್ಳೆಯದು?" ಕೇಳಿದವರು ಪುಂಡರಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ನಡುರಾತ್ರಿ ಹೆದ್ದಾರಿಯಲ್ಲಿ ಇಳಿಯುವ ತಂಗಿಯ ಅಣ್ಣ ಒಬ್ಬ. ಊರೂರು ತಿರುಗಿ ಫೈನಾನ್ಸ್ ದುಡ್ಡು ವಸೂಲಿ ಮಾಡಿ, ಸಂಜೆ ಬ್ಯಾಗ್ ತುಂಬ ನೋಟು ಇಟ್ಟುಕೊಂಡು ಬೈಕಿನಲ್ಲಿ ಬರುವ ಹುಡುಗ ಇನ್ನೊಬ್ಬ. ಅವರ ಭಯ ನಿಜವಾದದ್ದು. ಆದ್ದರಿಂದ "ಛೇ, ಕ್ರೈಸ್ತರು ಇಂಥದ್ದೆಲ್ಲ ಮಾತಾಡಬಾರದು" ಎಂದು ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಪ್ರಶ್ನೆಗೆ ಉತ್ತರ ಕೊಡಬೇಕು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವುದೂ ಬೇಡ. ಪಾಪದ ಮಾತು ಆಮೇಲೆ ಬರಲಿ. ಯಾರ ರಕ್ಷಣೆಗೆಂದು ಅದನ್ನು ಕೇಳುತ್ತಿದ್ದೇವೋ, ಅವರನ್ನು ಅದು ರಕ್ಷಿಸುವುದಿಲ್ಲ ಎಂಬುದೇ ನನ್ನ ಮೊದಲ ಕಾರಣ. ಒಂದೊಂದಾಗಿ ನೋಡೋಣ.

ಮೊದಲು, ನಮ್ಮ ದೇಶದಲ್ಲಿ ಸಿಗುವುದೇನು?

ನಾವು ಮೊಬೈಲಿನಲ್ಲಿ ನೋಡುವ ವಿಡಿಯೋಗಳು ಬಹುಪಾಲು ಅಮೆರಿಕದವು. ಅಲ್ಲಿ ಗ್ಲಾಕ್ 43, ಸಿಗ್ ಪಿ365 ಎಂಬ ಪುಟ್ಟ ಪಿಸ್ತೂಲುಗಳನ್ನು ಮೇಜಿನ ಮೇಲಿಟ್ಟು, ಯಾವುದು ಅಂಗಿಯ ಕೆಳಗೆ ಕಾಣದಂತೆ ಕೂರುತ್ತದೆ ಎಂದು ಗಂಟೆಗಟ್ಟಲೆ ಹೋಲಿಸುತ್ತಾರೆ. ಅವು 9 ಮಿಲಿಮೀಟರ್ ಗುಂಡಿನವು. ಆ ಗುಂಡಿನ ಪಿಸ್ತೂಲು ನಮ್ಮಲ್ಲಿ ಪೊಲೀಸ್ ಮತ್ತು ಸೈನ್ಯದ ಆಯುಧ. ಸಾಮಾನ್ಯ ಪ್ರಜೆಗೆ ಅದರ ಲೈಸೆನ್ಸ್ ಸಿಗುವುದಿಲ್ಲ. ಹಾಗಾಗಿ ಆ ವಿಡಿಯೋಗಳ ಅರ್ಧ ಮಾತು ನಮಗೆ ಸಂಬಂಧವೇ ಇಲ್ಲ.

ನಮಗೆ ಸಿಗುವಂಥದ್ದಕ್ಕೆ ಒಳ್ಳೆಯ ಉದಾಹರಣೆ 'ನಿರ್ಭೀಕ್'. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ಇದನ್ನು ಮಹಿಳೆಯರಿಗಾಗಿ ಎಂದು ಹೊರತಂದಿತು. ಪಾಯಿಂಟ್ 32 ಗುಂಡಿನ ರಿವಾಲ್ವರ್, ತೂಕ ಸುಮಾರು 500 ಗ್ರಾಂ, ಟೈಟಾನಿಯಂ ಮಿಶ್ರಲೋಹ, ಆಗಿನ ಬೆಲೆ 1,22,360 ರೂಪಾಯಿ. ಒಡವೆ ಡಬ್ಬಿಯಂಥ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು! 2023ರ ಆಗಸ್ಟಿನಲ್ಲಿ ಕಾನ್ಪುರದಿಂದಲೇ 'ಪ್ರಬಲ್' ಬಂತು. ಅದೂ ಪಾಯಿಂಟ್ 32, ಸುಮಾರು 700 ಗ್ರಾಂ.

ಈಗ ನೀವೇ ಯೋಚಿಸಿ. ಹೊಸೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ನಮ್ಮ ತಂಗಿಗೆ ಒಂದೂಕಾಲು ಲಕ್ಷ ಎಲ್ಲಿಂದ ಬರಬೇಕು? ಇದು ಯಾರ ಭಯಕ್ಕೆ ಮಾಡಿದ ಮದ್ದು? ಮಣಿಪುರದಲ್ಲಿ ಬಂದೂಕಿನಿಂದ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರ ಜೊತೆ ಕೆಲಸ ಮಾಡುವ ಬೀನಾಲಕ್ಷ್ಮಿ ನೆಪ್ರಮ್ ಆಗಲೇ ಇದನ್ನು ಖಂಡಿಸಿದರು. ಹೆಣ್ಣುಮಕ್ಕಳನ್ನು ಕಾಯಬೇಕಾದ ಸರ್ಕಾರ ತನ್ನ ಕೈಲಾಗುವುದಿಲ್ಲ ಎಂದು ಒಪ್ಪಿಕೊಂಡಂತಾಯಿತು ಎಂಬುದು ಅವರ ವಾದದ ಸಾರ. ನನಗೂ ಹಾಗೇ ಅನ್ನಿಸುತ್ತದೆ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. 21 ವರ್ಷ ತುಂಬಿರಬೇಕು. ಜಿಲ್ಲೆಯಲ್ಲಿ ಅರ್ಜಿ ಹೋಗುವುದು ಕಲೆಕ್ಟರ್ ಆಫೀಸಿಗೆ. ಪೊಲೀಸರು ವಿಚಾರಿಸಿ ವರದಿ ಕೊಡುತ್ತಾರೆ. 2016ರ ನಿಯಮಗಳ ಪ್ರಕಾರ ವೈದ್ಯರ ಪ್ರಮಾಣಪತ್ರ, ಬಂದೂಕು ಬಳಸುವ ತರಬೇತಿ, ಮನೆಯಲ್ಲಿ ಭದ್ರವಾಗಿಡುವ ವ್ಯವಸ್ಥೆ ಎಲ್ಲವೂ ಬೇಕು. "ನನಗೆ ಭಯವಾಗುತ್ತದೆ" ಎಂದರೆ ಸಾಲದು, ಪ್ರಾಣಕ್ಕೆ ಅಪಾಯವಿದೆ ಎಂದು ಅಧಿಕಾರಿಗಳಿಗೆ ಮನವರಿಕೆಯಾಗಬೇಕು. ಚುನಾವಣೆ ಬಂತೆಂದರೆ ತೆಗೆದುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಒಪ್ಪಿಸಬೇಕಾಗುತ್ತದೆ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಸೊಂಟದಲ್ಲಿ ಎದ್ದು ಕಾಣುವಂತೆ ಸಿಕ್ಕಿಸಿಕೊಂಡು ತಿರುಗಲು ನಮ್ಮ ನಿಯಮ ಬಿಡುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಅದು ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಅಂದರೆ ಕಳ್ಳನಿಗೆ ನಿಮ್ಮ ಹತ್ತಿರ ಬಂದೂಕಿದೆ ಎಂದು ಗೊತ್ತೇ ಆಗುವುದಿಲ್ಲ. "ನೋಡಿದರೆ ಹೆದರುತ್ತಾರೆ" ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು.

ಲೈಸೆನ್ಸ್ ತಾಪತ್ರಯ ಬೇಡ, ಎಲ್ಲಾದರೂ ಕಳ್ಳದಾರಿಯಲ್ಲಿ ಸಿಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ಇದು ನೆನಪಿರಲಿ: 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡವನಿಗೆ ಸಾಮಾನ್ಯವಾಗಿ 2 ವರ್ಷದಿಂದ 5 ವರ್ಷದವರೆಗೆ ಜೈಲು. ಮಾಡುವವನಿಗೆ, ಮಾರುವವನಿಗೆ 7 ವರ್ಷದಿಂದ ಜೀವಾವಧಿಯವರೆಗೆ. ಒಂದು ಕೇಸು ಬಿದ್ದರೆ ಸರ್ಕಾರಿ ಕೆಲಸದ ಕನಸು, ಪಾಸ್‌ಪೋರ್ಟು ಎಲ್ಲಕ್ಕೂ ಕುತ್ತು.

ಈಗ ಸ್ವಲ್ಪ ಫಿಸಿಕ್ಸ್

ಬಿಎಸ್ಸಿ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಚಿಕ್ಕದಾದಷ್ಟೂ ಬಳಸುವುದು ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ತಿರುಗುಮುರುಗಾಗಿದೆ.

ಗುಂಡು ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೇ ನಿಯಮ, ಒಂಬತ್ತನೇ ಕ್ಲಾಸಿನ ಪಾಠ. ಏಳೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಒಂದು ಕೆಜಿ ತೂಕದ ಪಿಸ್ತೂಲು ಸೆಕೆಂಡಿಗೆ ಸುಮಾರು 2.6 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅರ್ಧ ಕೆಜಿಯ ಪಿಸ್ತೂಲಾದರೆ 5.2 ಮೀಟರ್. ತೂಕ ಅರ್ಧವಾದರೆ ಒದೆತದ ವೇಗ ಎರಡರಷ್ಟು, ಕೈಗೆ ಬರುವ ಶಕ್ತಿಯೂ ಎರಡರಷ್ಟು. ಪಾಯಿಂಟ್ 32ರ ಗುಂಡಿನ ಒದೆತ ಇದಕ್ಕಿಂತ ಕಡಿಮೆ, ಆದರೆ ನಿಯಮ ಅದೇ: ಜೇಬಿಗೆ ಹಗುರವಾದದ್ದು ಕೈಗೆ ಒರಟು.

ಎರಡನೆಯದು ಗುರಿ. ಬಂದೂಕಿನ ಮೇಲೆ ಹಿಂದೊಂದು ಮುಂದೊಂದು ಗುರುತು ಇರುತ್ತದೆ, ಎರಡನ್ನೂ ಒಂದೇ ಗೆರೆಗೆ ತಂದು ಗುರಿ ಹಿಡಿಯಬೇಕು. ಚಿಕ್ಕ ಪಿಸ್ತೂಲಿನಲ್ಲಿ ಈ ಎರಡರ ನಡುವಿನ ಅಂತರ 10 ಸೆಂಟಿಮೀಟರ್ ಎನ್ನಿ. ಕೈ ನಡುಗಿ ಮುಂದಿನ ಗುರುತು ಒಂದೇ ಒಂದು ಮಿಲಿಮೀಟರ್ ಸರಿದರೆ, 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. 60 ಸೆಂಟಿಮೀಟರ್ ಅಂತರವಿರುವ ಉದ್ದ ಕೋವಿಯಲ್ಲಿ ಅದೇ ತಪ್ಪಿಗೆ ಬರುವ ವ್ಯತ್ಯಾಸ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಭಯದಲ್ಲಿ ಕೈ ನಡುಗುವುದು ಒಂದು ಮಿಲಿಮೀಟರಿಗೆ ನಿಲ್ಲುವುದಿಲ್ಲ. ಮೇಲಾಗಿ ಇಂಥ ರಿವಾಲ್ವರಿನ ಟ್ರಿಗರ್ ಒಂದೇ ಎಳೆತಕ್ಕೆ ಎಳೆಯಬೇಕಾದರೆ ಸಾಮಾನ್ಯವಾಗಿ ನಾಲ್ಕೈದು ಕೆಜಿ ಭಾರ ಬೇಕು. ಅರ್ಧ ಕೆಜಿಯ ವಸ್ತುವನ್ನು ಅಲುಗಿಸದೆ ಅದರ ಮೇಲೆ ಐದು ಕೆಜಿಯ ಬಲ ಹಾಕಬೇಕು. ತಿಂಗಳುಗಟ್ಟಲೆ ಅಭ್ಯಾಸವಿಲ್ಲದೆ ಇದು ಆಗುವ ಮಾತಲ್ಲ.

ಮೂರನೆಯದು ಸಮಯ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಒಂದು ಸರಳ ಪರೀಕ್ಷೆಯ ಬಗ್ಗೆ ಬರೆದರು. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿಬಂದು ನಮ್ಮ ಮೈಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡು ಸಾಕು. ತರಬೇತಿ ಪಡೆದ ಪೊಲೀಸರಿಗೂ ಸೊಂಟದಿಂದ ಬಂದೂಕು ತೆಗೆದು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇನ್ನು ನಮ್ಮ ತಂಗಿ ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದು, ಟಿಫಿನ್ ಡಬ್ಬಿ, ಕೊಡೆ, ಜಪಸರಗಳ ನಡುವೆ ತಡಕಾಡಿ ಅದನ್ನು ತೆಗೆಯುವಷ್ಟರಲ್ಲಿ? ಅವಳ ಕೈಯಿಂದ ಅದನ್ನು ಕಿತ್ತುಕೊಂಡವನು ಅವಳ ಮೇಲೇ ತಿರುಗಿಸಬಹುದು. ಬ್ಯಾಗು ಕಿತ್ತುಕೊಂಡು ಹೋದವನಿಗಂತೂ ಬಂದೂಕು ಪುಕ್ಕಟೆ.

ಅಪಾಯ ಬರುವುದು ಎಲ್ಲಿಂದ?

ಪಿಸ್ತೂಲಿನ ಕನಸಿನಲ್ಲಿ ಒಬ್ಬ ಅಪರಿಚಿತ ಇರುತ್ತಾನೆ, ಕತ್ತಲಲ್ಲಿ ನಿಂತಿರುತ್ತಾನೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಇತ್ತೀಚಿನ ವಾರ್ಷಿಕ ವರದಿಗಳು ಹೇಳುವುದು ಬೇರೆ. ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಹೆಣ್ಣುಮಗಳಿಗೆ ಗೊತ್ತಿರುವವನೇ: ನೆರೆಯವನು, ನೆಂಟ, ಸ್ನೇಹಿತ, ಕೆಲಸ ಕೊಟ್ಟವನು. ಚಿಕ್ಕಪ್ಪನ ವಯಸ್ಸಿನವನ ಮೇಲೆ, ಊಟ ಬಡಿಸುತ್ತಿರುವಾಗ, ಯಾರು ಪಿಸ್ತೂಲು ತೆಗೆಯುತ್ತಾರೆ? ಆ ಹುಡುಗಿಗೆ ಬೇಕಾದದ್ದು ಅವಳ ಮಾತನ್ನು ನಂಬುವ ಒಬ್ಬರು. ಅದನ್ನು ಕಾನ್ಪುರದ ಕಾರ್ಖಾನೆ ತಯಾರಿಸುವುದಿಲ್ಲ. ನಾವು ತಯಾರಾಗಬೇಕು.

ನಮ್ಮ ಜಿಲ್ಲೆಯ ಕಥೆಯನ್ನೇ ನೋಡಿ. 2000ದ ಫೆಬ್ರವರಿ 2ರಂದು ನಮ್ಮ ಪಕ್ಕದ ಇಲಕ್ಕಿಯಂಪಟ್ಟಿಯಲ್ಲಿ ಕಾಲೇಜು ಬಸ್ಸಿಗೆ ಬೆಂಕಿ ಹಚ್ಚಿದಾಗ ಮೂವರು ಹೆಣ್ಣುಮಕ್ಕಳು ಸುಟ್ಟುಹೋದರು. 2012ರ ನವೆಂಬರ್ 7ರಂದು ನಾಯಕನ್‌ಕೊಟ್ಟಾಯ್ ಸಮೀಪದ ಮೂರು ದಲಿತ ಕಾಲೊನಿಗಳಲ್ಲಿ 250ಕ್ಕೂ ಹೆಚ್ಚು ಮನೆಗಳಿಗೆ ಗುಂಪು ಬೆಂಕಿಯಿಟ್ಟಿತು. ಎರಡೂ ಕಡೆ ಅಪಾಯ ಬಂದದ್ದು ಗುಂಪಾಗಿ, ಪಕ್ಷದ ಹೆಸರಲ್ಲಿ, ಜಾತಿಯ ಹೆಸರಲ್ಲಿ. ಆರು ಗುಂಡಿನ ರಿವಾಲ್ವರು ಅಲ್ಲಿ ಏನು ಮಾಡುತ್ತಿತ್ತು? ಸುಟ್ಟ ಮನೆಗಳ ಜೊತೆಗೆ ಹೆಣಗಳನ್ನೂ ಎಣಿಸಬೇಕಾಗುತ್ತಿತ್ತು, ಅಷ್ಟೆ.

ಬಂದೂಕು ಒಂದು ನಾಡಿಗೆ ಏನು ಮಾಡುತ್ತದೆ ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1993ರ ಏಪ್ರಿಲ್ 9, ಅಂದು ಶುಭ ಶುಕ್ರವಾರ. ಪಾಲಾರ್ ಬಳಿ ವೀರಪ್ಪನ್ ಇಟ್ಟ ನೆಲಬಾಂಬಿಗೆ 22 ಜನ ಸತ್ತರು. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟಾಗ, ಗಡಿಯ ಎರಡೂ ಕಡೆ ನಮ್ಮ ಕನ್ನಡ, ತಮಿಳು ಮನೆಗಳು ಎಷ್ಟು ಹೆದರಿದ್ದವು ಎಂದು ಹಿರಿಯರನ್ನು ಕೇಳಿ. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ ಆತನ ಕಥೆ ಮುಗಿದದ್ದು ಇಲ್ಲೇ, ಪಾಪಾರಪಟ್ಟಿ ಹತ್ತಿರ. ಇಂದಿಗೂ ಕಾಡಂಚಿನ ಊರುಗಳಲ್ಲಿ ಲೈಸೆನ್ಸ್ ಇಲ್ಲದ ನಾಡಬಂದೂಕುಗಳನ್ನು ತಾವಾಗಿಯೇ ತಂದೊಪ್ಪಿಸಿ ಎಂದು ಅಧಿಕಾರಿಗಳು ಕರೆ ಕೊಡುತ್ತಲೇ ಇರುತ್ತಾರೆ. ಜನ ಕೈಬಿಡುತ್ತಿರುವ ವಸ್ತುವನ್ನು ನಾವು ಹೊಸದಾಗಿ ಕೈಗೆತ್ತಿಕೊಳ್ಳಬೇಕೇ?

ಇನ್ನೊಂದು ಅಪಾಯವಿದೆ, ಅದು ಮನೆಯೊಳಗಿನದು. ಇದನ್ನು ಮೆಲ್ಲಗೆ ಹೇಳಬೇಕು, ಆದರೆ ಹೇಳಲೇಬೇಕು. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಜನ, ಅಂದರೆ ಅರ್ಧಕ್ಕಿಂತ ಹೆಚ್ಚು, ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ರಕ್ಷಣೆಗೆಂದು ತಂದ ಬಂದೂಕು ಕಳ್ಳನಿಗಾಗಿ ಕಾದು ಕುಳಿತಿರುತ್ತದೆ, ಕಳ್ಳ ಬರುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಫೇಲಾದ ದಿನ, ಸಾಲಗಾರ ಬಾಗಿಲಲ್ಲಿ ಕೂಗಾಡಿದ ದಿನ, ಅಪ್ಪ ಕುಡಿದು ಬಂದ ರಾತ್ರಿ, ಇವು ನಮ್ಮ ಮನೆಗಳಿಗೆ ಬಂದೇ ಬರುತ್ತವೆ. ಆ ಒಂದು ಗಳಿಗೆ ದಾಟಿದರೆ ಮನುಷ್ಯ ಬದುಕುತ್ತಾನೆ. ಕೈಗೆಟಕುವಲ್ಲಿ ಬಂದೂಕು ಇದ್ದರೆ ಆ ಗಳಿಗೆ ದಾಟುವುದು ಕಷ್ಟ. ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸೇವೆ. ಇಲ್ಲವೇ ನನಗೆ ಮಾಡಿ, ಎಷ್ಟು ಹೊತ್ತಾದರೂ ಸರಿ.

ಹಾಗಾದರೆ ಹೊಡೆಸಿಕೊಂಡು ಸುಮ್ಮನಿರಬೇಕೇ?

ಖಂಡಿತ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ನಮ್ಮ ಧರ್ಮಸಭೆಯ ಉಪದೇಶವೂ ಅದನ್ನು ಒಪ್ಪುತ್ತದೆ: ತನ್ನ ಪ್ರಾಣ ಉಳಿಸಿಕೊಳ್ಳುವುದು ನ್ಯಾಯ, ಬೇರೆಯವರ ಹೊಣೆ ಹೊತ್ತವನಿಗೆ ಅವರನ್ನು ಕಾಯುವುದು ಕರ್ತವ್ಯ, ಆದರೆ ಬೇಕಾದದ್ದಕ್ಕಿಂತ ಹೆಚ್ಚಿನ ಬಲ ಬಳಸಬಾರದು. ತಪ್ಪಿಸಿಕೊಳ್ಳಿ, ಕೂಗಿ, ಒದೆಯಿರಿ, ಕಚ್ಚಿ. ಯಾವ ಹುಡುಗಿಗೂ "ಸಹಿಸಿಕೋ" ಎಂದು ಯಾರೂ ಹೇಳದಿರಲಿ.

ಕೊಡಗಿನವರ ಉದಾಹರಣೆಯನ್ನೂ ಗುಂಪಿನಲ್ಲಿ ಒಬ್ಬರು ಕೊಟ್ಟರು. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಮನೆತನದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಎಲ್ಲರೆದುರು ಹೂವಿಟ್ಟು ಪೂಜಿಸುವಂಥದ್ದು. ಯಾರ ಮನೆಯಲ್ಲಿ ಕೋವಿಯಿದೆ, ಯಾರು ಅದಕ್ಕೆ ಹೊಣೆ ಎಂದು ಊರಿಗೆಲ್ಲ ಗೊತ್ತು. ತಲೆಮಾರುಗಳ ಕಟ್ಟುಪಾಡು ಅದರ ಸುತ್ತ ಇದೆ. ಯಾರಿಗೂ ಹೇಳದೆ ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುವ ಪಿಸ್ತೂಲಿಗೂ ಅದಕ್ಕೂ ಹೋಲಿಕೆಯಿಲ್ಲ.

ಬಚ್ಚಿಟ್ಟ ಆಯುಧ ಎಂದಾಗ ನನಗೆ ನೆನಪಾಗುವುದು ಪೇತ್ರ. ಗೆತ್ಸೆಮನೆಯ ತೋಟದ ಆ ರಾತ್ರಿಯನ್ನು ಮತ್ತೊಮ್ಮೆ ಓದಿ. ಬೆಸ್ತನಾದ ಪೇತ್ರನ ಬಳಿ ಒಂದು ಕತ್ತಿ ಇತ್ತು. ಗ್ರೀಕ್ ಮೂಲದ ಪದ ಸೂಚಿಸುವುದು ಉದ್ದ ಖಡ್ಗವನ್ನಲ್ಲ, ಸೊಂಟದಲ್ಲಿ ಇಟ್ಟುಕೊಳ್ಳುವಂಥ ಗಿಡ್ಡ ಕತ್ತಿಯನ್ನು. ಅವನ ಉದ್ದೇಶ ಒಳ್ಳೆಯದೇ, ತನ್ನ ಗುರುವನ್ನು ಉಳಿಸಬೇಕು. ಆದರೆ ಕತ್ತಲು, ಗಲಾಟೆ, ಭಯ. ಬೀಸಿದ ಏಟು ಯಾರಿಗೆ ಬಿತ್ತು? ಅಪ್ಪಣೆ ಕೊಟ್ಟ ಪ್ರಧಾನ ಯಾಜಕನಿಗಲ್ಲ, ಹಿಡಿದುಕೊಟ್ಟ ಯೂದನಿಗಲ್ಲ. ಮಲ್ಕ ಎಂಬ ಆಳಿನ ಕಿವಿಗೆ. ಕೈಯಳತೆಯ ದೂರದಲ್ಲೂ ಗುರಿ ತಪ್ಪಿತು, ಪೆಟ್ಟು ಬಿದ್ದದ್ದು ಅಲ್ಲಿದ್ದವರಲ್ಲೇ ಬಡವನಿಗೆ. ಯೇಸುಸ್ವಾಮಿ ಕತ್ತಿಯನ್ನು ಒರೆಗೆ ಹಾಕಿಸಿದರು, ತಮ್ಮನ್ನು ಹಿಡಿಯಲು ಬಂದವನ ಕಿವಿಯನ್ನು ಮುಟ್ಟಿ ಗುಣಪಡಿಸಿದರು. ಶಿಲುಬೆಗೆ ಮುಂಚೆ ಅವರು ಮಾಡಿದ ಕೊನೆಯ ಗುಣಪಡಿಸುವಿಕೆ ತಮ್ಮದೇ ಶಿಷ್ಯ ಮಾಡಿದ ಗಾಯಕ್ಕೆ ಎಂಬುದನ್ನು ನಾವು ಮರೆಯಬಾರದು. ನಾವು ಹಾರಿಸಿದ ಗುಂಡಿನ ಗಾಯವನ್ನು ಹಾಗೆ ಮುಟ್ಟಿ ಗುಣಪಡಿಸಲು ನಮ್ಮಿಂದ ಆಗುವುದಿಲ್ಲ.

ನಮ್ಮ ಊರಿನ ಹೆಸರಿನಲ್ಲೇ ಕೋಟೆಯಿದೆ. ಅದಿಯಮಾನ್ ದೊಡ್ಡ ವೀರ, ಯುದ್ಧಗಳನ್ನು ಗೆದ್ದವನು. ಆದರೂ ಶಾಲೆಯಲ್ಲಿ ಪ್ರತಿ ಮಗುವೂ ಅವನ ಬಗ್ಗೆ ಮೊದಲು ಕಲಿಯುವುದು ಏನು? ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವ್ವೈಗೆ ಕೊಟ್ಟ ಕಥೆ. ಎರಡು ಸಾವಿರ ವರ್ಷ ಉಳಿದದ್ದು ಅದು. ಇನ್ನೊಬ್ಬರ ಪ್ರಾಣ ತನ್ನದಕ್ಕಿಂತ ದೊಡ್ಡದು ಎಂಬ ಮಾತು ಈ ಮಣ್ಣಿಗೆ ಹೊಸದಲ್ಲ.

ಈಗ ಕೆಲಸದ ಮಾತು

ಪಿಸ್ತೂಲು ಬೇಡ ಎಂದು ಹೇಳಿ ಮನೆಗೆ ಹೋಗಿ ಮಲಗಿದರೆ ನಾನು ಹೇಳಿದ್ದಕ್ಕೆಲ್ಲ ಬೆಲೆಯಿಲ್ಲ. ಭಯ ಇನ್ನೂ ಅಲ್ಲೇ ಇದೆ. ನಾವು ಮಾಡಬಹುದಾದದ್ದು ಇಷ್ಟು:

ಒಂದು, ರಾತ್ರಿ ಪಾಳಿಯ ಹುಡುಗಿಯರ ಪಟ್ಟಿ ಮಾಡೋಣ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಇಳಿಯುತ್ತಾರೆ. ಬೈಕಿರುವ ಹನ್ನೆರಡು ಹುಡುಗರಿದ್ದೇವೆ. ವಾರಕ್ಕೆ ಇಬ್ಬರಂತೆ ಸರದಿ ಹಾಕಿದರೆ ಒಬ್ಬೊಬ್ಬರಿಗೆ ಒಂದೂವರೆ ತಿಂಗಳಿಗೆ ಒಂದು ವಾರ ಬರುತ್ತದೆ. ಜೊತೆಗೆ ಒಬ್ಬ ಅಕ್ಕನೋ ತಾಯಿಯೋ ಇದ್ದರೆ ಮನೆಯವರಿಗೂ ಧೈರ್ಯ.

ಎರಡು, ಕಾರ್ಖಾನೆಯ ವ್ಯಾನು ಹೆದ್ದಾರಿಯಲ್ಲಿ ಇಳಿಸಿ ಹೋಗಿಬಿಡುತ್ತದೆ ಎಂದು ಕೆಲವರು ಹೇಳಿದ್ದಾರೆ. 2000ದಲ್ಲಿ ಮದ್ರಾಸ್ ಹೈಕೋರ್ಟ್ ಹೆಂಗಸರಿಗೆ ಕಾರ್ಖಾನೆಯ ರಾತ್ರಿ ಕೆಲಸಕ್ಕೆ ದಾರಿ ಮಾಡಿಕೊಟ್ಟಾಗ ಸಾರಿಗೆ ವ್ಯವಸ್ಥೆಯನ್ನೂ ಷರತ್ತಾಗಿ ಹಾಕಿತು. ಅದು ದಯೆಯಲ್ಲ, ಹಕ್ಕು. ಎಲ್ಲರೂ ಸೇರಿ ಸಹಿ ಹಾಕಿ ಪತ್ರ ಬರೆಯೋಣ. ಒಬ್ಬಳೇ ಕೇಳಿದರೆ ಕೆಲಸ ಹೋಗುವ ಭಯ, ಮೂವತ್ತು ಜನ ಕೇಳಿದರೆ ಕೇಳುತ್ತಾರೆ.

ಮೂರು, ದೀಪವಿಲ್ಲದ ಜಾಗಗಳು. ಮೇ 1, ಆಗಸ್ಟ್ 15, ಅಕ್ಟೋಬರ್ 2, ಜನವರಿ 26ರಂದು ಗ್ರಾಮಸಭೆ ನಡೆಯುತ್ತದೆ. ನಾವು ಎಷ್ಟು ಜನ ಹೋಗುತ್ತೇವೆ? ಕಂಬದ ನಂಬರ್ ಸಮೇತ ಬರೆದುಕೊಂಡು ಹೋಗಿ ನಿರ್ಣಯಕ್ಕೆ ಸೇರಿಸಿ ಎಂದು ಕೇಳೋಣ.

ನಾಲ್ಕು, ಪ್ರತಿಯೊಬ್ಬರ ಫೋನಿನಲ್ಲೂ 112, ಹೆಣ್ಣುಮಕ್ಕಳ ಸಹಾಯವಾಣಿ 181, ತಮಿಳುನಾಡು ಪೊಲೀಸರ ಕಾವಲ್ ಉದವಿ ಆಪ್ ಇರಲಿ. ಮೊಬೈಲ್ ಬಳಸಲು ಬಾರದ ಅಮ್ಮಂದಿರಿಗೆ ಪೂಜೆ ಮುಗಿದ ಮೇಲೆ ಕೂತು ಕಲಿಸೋಣ.

ಐದು, ವಸೂಲಿ ಕೆಲಸದ ತಮ್ಮಂದಿರು ಆದಷ್ಟು ಹಣವನ್ನು ಫೋನಿನಲ್ಲೇ ಹಾಕಿಸಿಕೊಳ್ಳಿ, ದಾರಿ ಮತ್ತು ಹೊತ್ತು ಬದಲಿಸಿ, ಇಬ್ಬರಾಗಿ ಹೋಗಿ. ಯಾರಾದರೂ ಅಡ್ಡಗಟ್ಟಿದರೆ ಬ್ಯಾಗು ಕೊಟ್ಟುಬಿಡಿ. ಬ್ಯಾಗಿಗಾಗಿ ಪ್ರಾಣ ಕೊಡು ಎನ್ನುವ ಯಜಮಾನನ ಕೆಲಸವೇ ಬೇಡ.

ಆರು, ಇದು ಎಲ್ಲಕ್ಕಿಂತ ಕಷ್ಟದ್ದು. ಯಾವುದಾದರೂ ಹುಡುಗಿ ಬಂದು "ಇಂಥವರು ಹೀಗೆ ಮಾಡಿದರು" ಎಂದರೆ, ಹೆಸರು ಎಷ್ಟೇ ದೊಡ್ಡದಾಗಿರಲಿ, ಧರ್ಮಕೇಂದ್ರದವರೇ ಆಗಿರಲಿ, ಮೊದಲು ಅವಳನ್ನು ನಂಬೋಣ. ಊರಿನ ಮಾನ ಎಂದು ಮುಚ್ಚಿಹಾಕುವುದು ಬೇಡ.

ಬರುವ ಭಾನುವಾರ ಎರಡನೇ ಪೂಜೆಯ ನಂತರ ಉಪದೇಶದ ಕೋಣೆಯಲ್ಲಿ ಸೇರೋಣ. ಫಾದರ್ ಒಪ್ಪಿದ್ದಾರೆ. ಪಿಸ್ತೂಲು ಬೇಕೇ ಬೇಕು ಎನ್ನುವವರೂ ಬನ್ನಿ, ನಿಮ್ಮ ವಾದವನ್ನೂ ಕೇಳುತ್ತೇವೆ. ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ತನ್ನಿ. ನೀವು ಕತ್ತಲಾದ ಮೇಲೆ ನಡೆಯಲು ಹೆದರುವ ಒಂದು ಜಾಗದ ಹೆಸರು ಅದರಲ್ಲಿರಲಿ. ಕೆಲಸವನ್ನು ಅಲ್ಲಿಂದ ಶುರು ಮಾಡೋಣ.